ಕುಲುಮೆಯನ್ನು ಕೈಬಿಟ್ಟವರು

ಧಾರವಾಡದ ಸಾರ್ವಜನಿಕ ಯಂತ್ರ ಮಂಡಳಿಯ ಎರಡನೆಯ ಮಹಡಿಯಲ್ಲಿ ಆ ದಿನ ನಾಲ್ಕು ಕಂಪೈಲರುಗಳ ಹಣೆಬರಹ ತೀರ್ಮಾನವಾಗಬೇಕಿತ್ತು. ಮೇಜಿನ ಸುತ್ತ ಇದ್ದವರು ಮೂವರೇ. ಮಂಡಳಿಯ ನಿರ್ದೇಶಕ ಅನಿರುದ್ಧ ಕಟ್ಟಿ, ಭದ್ರತಾ ವಿಭಾಗದ ಮುಖ್ಯಸ್ಥ ನಾರ್ಬರ್ಟ್ ಸೆರಾವೊ, ಮತ್ತು ತಳಹದಿಯ ಪಟ್ಟಿಯನ್ನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಮಹಾದೇವಿ ಮುದೇನೂರ.

ಆ ಹೊತ್ತಿಗೆ ರಾಜ್ಯದ ಸಾರ್ವಜನಿಕ ಯಂತ್ರಗಳೆಲ್ಲ 'ನೆಲೆ' ಎಂಬ ಒಂದೇ ಆಪರೇಟಿಂಗ್ ಸಿಸ್ಟಮಿನ ಮೇಲೆ ನಡೆಯುತ್ತಿದ್ದವು. ಊರ ನೀರಿನ ಪಂಪು, ಆಸ್ಪತ್ರೆಯ ರಕ್ತ ಶುದ್ಧಿಯ ಯಂತ್ರ, ಮಂದಗಿವಿಯವರ ಕಿವಿಯೊಳಗಿನ ಗುಂಡಿಯಷ್ಟು ಸಾಧನ, ಎಲ್ಲದರಲ್ಲೂ ಅದೇ. ಹೊಸ ಯಂತ್ರವೊಂದರಲ್ಲಿ ನೆಲೆಯನ್ನು ಹಾಕಿದಾಗ ತಾನಾಗಿಯೇ ಏನೇನು ಜೊತೆಗೆ ಬರಬೇಕು ಎನ್ನುವುದೇ ತಳಹದಿಯ ಪಟ್ಟಿ. ಪಟ್ಟಿಯಲ್ಲಿದ್ದದ್ದು ಎಲ್ಲ ಯಂತ್ರಗಳಲ್ಲೂ ಇರುತ್ತದೆ. ಇಲ್ಲದ್ದನ್ನು ಬೇಕಾದವರು ಆಮೇಲೆ ಹಾಕಿಕೊಳ್ಳಬೇಕು.

ಮನುಷ್ಯರು ಬರೆಯುವ ಪ್ರೋಗ್ರಾಂ ಮನುಷ್ಯರಿಗೆ ಓದಲು ಬರುವ ಮಾತು. ಯಂತ್ರಕ್ಕೆ ಅದು ತಿಳಿಯದು. ಅದಕ್ಕೆ ಗೊತ್ತಿರುವುದು ಅಂಕಿಗಳ ಆಜ್ಞೆ ಮಾತ್ರ. ಒಂದನ್ನು ಇನ್ನೊಂದಾಗಿ ಮಾಡಿಕೊಡುವುದು ಕಂಪೈಲರ್. ಅದಿಲ್ಲದ ಯಂತ್ರದ ಮುಂದೆ ಕುಳಿತವನು ಪ್ರೋಗ್ರಾಮನ್ನು ಓದಬಹುದು, ತಪ್ಪು ಇಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು, ಸರಿಯಾದದ್ದನ್ನು ಬರೆದೂ ಇಡಬಹುದು. ಯಂತ್ರ ಮಾತ್ರ ಹಳೆಯದನ್ನೇ ಮಾಡುತ್ತಿರುತ್ತದೆ. ಇದರ ಮೇಲೆ ನೆಲೆಗೆ ಒಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಮೋಟಾರು, ಕವಾಟ, ಸೂಜಿ ಇಂಥವನ್ನು ಮುಟ್ಟುವ ಪ್ರೋಗ್ರಾಂ ತಳಹದಿಯಲ್ಲಿರುವ ಕಂಪೈಲರಿನಿಂದಲೇ ಆಗಿರಬೇಕು. ಹೊರಗಿನಿಂದ ತಂದು ಹಾಕಿದ ಕಂಪೈಲರನ್ನು ಯಂತ್ರ ನಂಬುವುದಿಲ್ಲ.

ನೆಲೆಯ ಒಂಬತ್ತನೆಯ ಆವೃತ್ತಿಯನ್ನು ಹಗುರ ಮಾಡಬೇಕು ಎಂದು ಕಟ್ಟಿ ಹೊರಟಿದ್ದ. ಮೊದಲ ಎರಡು ಕಂಪೈಲರುಗಳ ಬಗ್ಗೆ ಚರ್ಚೆಯೇ ಇರಲಿಲ್ಲ, ಮಂಡಳಿಯ ಎಂಜಿನಿಯರುಗಳು ಕೆಲಸ ಮಾಡುವುದು ಅವುಗಳಲ್ಲೇ. ಮೂರನೆಯದು ಗಣಿತಕ್ಕೆಂದು ಇದ್ದ ಹಳೆಯ ಭಾಷೆಯದು. ಅದನ್ನು ತೆಗೆಯಬಾರದೆಂದು ಜಲಾಶಯದವರು ಮಂತ್ರಿಗಳಿಂದ ಫೋನು ಮಾಡಿಸಿದ್ದರು. ಉಳಿಯಿತು. ನಾಲ್ಕನೆಯದು ಕುಲುಮೆ. ಕುಲುಮೆಯ ಪರವಾಗಿ ಯಾರೂ ಫೋನು ಮಾಡಿರಲಿಲ್ಲ.

ಕುಲುಮೆ ಕನ್ನಡದಲ್ಲಿ ಬರೆಯುವ ಭಾಷೆ. ಇಪ್ಪತ್ತು ವರ್ಷಗಳ ಹಿಂದೆ ಇದೇ ಕಟ್ಟಡದಲ್ಲಿ ಕುಳಿತು ಕೆಲವರು ಮಾಡಿದ್ದು. 'ಒತ್ತಡ ಇಪ್ಪತ್ತಕ್ಕಿಂತ ಕಡಿಮೆ ಆದರೆ ಗಾಳಿ ಬಿಡು' ಎಂದು ಬರೆದರೆ ಸಾಕು, ಅದೇ ಪ್ರೋಗ್ರಾಂ. ಹತ್ತನೆಯ ತರಗತಿ ದಾಟದ ದಾದಿಯರು, ಪಂಪು ನೋಡಿಕೊಳ್ಳುವವರು, ಸಂತೆಯೂರಿನ ಮೆಕ್ಯಾನಿಕ್ಕುಗಳು ಅದನ್ನು ಓದಿ ತಮ್ಮ ಯಂತ್ರಗಳನ್ನು ತಾವೇ ತಿದ್ದಿಕೊಳ್ಳುತ್ತಿದ್ದರು.

"ಹೋದ ವರ್ಷ ಇಡೀ ರಾಜ್ಯದಾಗ ಕುಲುಮೆ ಬಳಸಿದವರು ನಾಲ್ಕುನೂರಾ ಹದಿಮೂರು ಮಂದಿ," ಎಂದ ಕಟ್ಟಿ. "ಎರಡು ಕೋಟಿ ಯಂತ್ರದಾಗ ನಾಲ್ಕುನೂರಾ ಹದಿಮೂರು ಮಂದಿ, ಮೇಡಂ. ಅವರ ಸಲುವಾಗಿ ಎಲ್ಲಾ ಯಂತ್ರಕ್ಕೂ ಭಾರ ಹೊರಿಸೂದೇನ್ರಿ?"

"ಆ ನಾಲ್ಕುನೂರು ಮಂದಿ ಒಬ್ಬೊಬ್ಬರು ಎಷ್ಟು ಯಂತ್ರ ನೋಡ್ಕೋತಾರ ಅಂತ ಯಾರಿಗರೆ ಗೊತ್ತೈತೇನ್ರಿ?" ಎಂದು ಮಹಾದೇವಿ ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಸೆರಾವೊ ಕನ್ನಡಕ ತೆಗೆದು ಒರೆಸಿಕೊಂಡ. "ನನ್ನದು ಒಂದೇ ಮಾತು. ಯಂತ್ರದ ಒಳಗೇ ಕಂಪೈಲರ್ ಇದ್ದರೆ, ಒಳಗೆ ನುಗ್ಗಿದ ಕಳ್ಳನ ಕೈಗೆ ನಾವೇ ಸುತ್ತಿಗೆ ಕೊಟ್ಟ ಹಾಗೆ ಆಗ್ತದೆ. ಕುಲುಮೆಯನ್ನು ಈಗ ನೋಡಿಕೊಳ್ಳುವವರೂ ಇಲ್ಲ."

ಅದು ಸುಳ್ಳಲ್ಲ. ಕುಲುಮೆ ಮಾಡಿದವರಲ್ಲಿ ಮಂಡಳಿಯಲ್ಲಿ ಉಳಿದಿದ್ದವಳು ಮಹಾದೇವಿ ಒಬ್ಬಳೇ. ಅವಳಿಗೆ ಬೇರೆ ನೂರು ಕೆಲಸ.

"ತಳಹದಿಯಿಂದ ತೆಗೆದ್ರ ಅವರು ಮೋಟಾರು ಮುಟ್ಟಾಕ ಬರೂದಿಲ್ಲ. ಆಮೇಲೆ ಹಾಕ್ಕೊಂಡ್ರೂ ಉಪಯೋಗಿಲ್ಲ," ಎಂದಳು.

"ಏನರೆ ತಿದ್ದೂದಿದ್ರ ನಮಗ ಬರೀಲಿ. ನಾವದೇವಲ್ಲ, ಏಳು ದಿನದಾಗ ಮಾಡಿಕೊಡೂಣು," ಎಂದ ಕಟ್ಟಿ.

ಸಭೆ ಶುರುವಾಗಿ ಮೂರು ತಾಸಾಗಿತ್ತು. ಕೆಳಗೆ ಊಟದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಮಹಾದೇವಿಗೆ ಇನ್ನೂ ಹೇಳುವುದಿತ್ತು. ಹೇಳಲಿಲ್ಲ. ಹಸಿವಾಗಿತ್ತು, ಸಾಕಾಗಿತ್ತು, ಮೇಲಾಗಿ ಕಟ್ಟಿಯ ಜೊತೆ ಜಗಳ ಕಾಯ್ದು ಗೆದ್ದವರು ಯಾರೂ ಇರಲಿಲ್ಲ. ಮೂವರೂ ಸಹಿ ಹಾಕಿದರು. ಕುಲುಮೆಯ ಹೆಸರಿನ ಮೇಲೆ ಗೆರೆ ಬಿತ್ತು.

*

ಇಳಕಲ್ಲಿನ ಆಚೆಗಿರುವ ಹಿರೇಕಲ್ಲೂರಿನಲ್ಲಿ ನೆಲ ಅಗೆದರೆ ಕೆಂಪು ಗ್ರಾನೈಟು. ಊರ ಗಂಡಸರು ಮೂರು ತಲೆಮಾರು ಅದನ್ನು ಒಡೆದರು, ಕೊಯ್ದರು, ಹೆಂಗಸರು ಪಾಲಿಶ್ ಮಾಡಿದರು. ಕಲ್ಲು ಹಡಗು ಹತ್ತಿ ಹೋಯಿತು. ಧೂಳು ಇವರ ಎದೆಯಲ್ಲಿ ಉಳಿಯಿತು. ವಡ್ಡರ ಓಣಿಯೊಂದರಲ್ಲೇ ಹನ್ನೊಂದು ಮನೆಗಳಲ್ಲಿ ಉಸಿರುಪೆಟ್ಟಿಗೆಗಳಿದ್ದವು. ಕೊಡದಷ್ಟು ದೊಡ್ಡ ಬಿಳಿ ಡಬ್ಬಿ, ಅದರಿಂದ ಮೂಗಿಗೋ ಗಂಟಲಿಗೋ ಒಂದು ಕೊಳವೆ. ಕಲ್ಲಾಗಿ ಹೋದ ಪುಪ್ಪುಸಕ್ಕೆ ಎಷ್ಟು ಒತ್ತಡದಲ್ಲಿ ಎಷ್ಟು ಗಾಳಿ ಹೋಗಬೇಕೆಂದು ಅದು ಪ್ರತಿ ಉಸಿರಿಗೂ ಅಳೆದು ಕೊಡುತ್ತಿತ್ತು. ಬಿಸಿಲಿನಿಂದ ಕರೆಂಟು ಮಾಡುವ ಚಪ್ಪಡಿ ಮಾಳಿಗೆಯ ಮೇಲಿತ್ತು, ಕರೆಂಟಿನ ಚಿಂತೆ ಇರಲಿಲ್ಲ.

ಎಂಟು ಪೆಟ್ಟಿಗೆಗಳವರು ಅದಿಲ್ಲದೆಯೂ ಅರ್ಧ ದಿನ ತಳ್ಳಬಲ್ಲವರು. ಮೂವರಿಗೆ ಮಾತ್ರ ಅದೇ ಪ್ರಾಣ. ಆ ಮೂವರಲ್ಲಿ ದುರಗಪ್ಪ ವಡ್ಡರನೂ ಒಬ್ಬ. ಐವತ್ತೊಂದು ವರ್ಷದ ಗಟ್ಟಿ ಬಾಯಿಯ ಆಳು, ಮೂವತ್ತು ವರ್ಷ ಕಲ್ಲಿಗೆ ತೂತು ಕೊರೆದವನು. ಕೊಳವೆ ಹಾಕಿಕೊಂಡೇ ಬಯಲಾಟದ ಮಾತುಗಳನ್ನು ಗೊಣಗುತ್ತಿದ್ದ. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಪೆಟ್ಟಿಗೆ ಉಸಿರು ಕೊಡುವವರೆಗೆ ಕಾಯಬೇಕು. ಕಾಯುವಾಗ ಪೆಟ್ಟಿಗೆಯನ್ನು ಬಯ್ಯುತ್ತಿದ್ದ.

"ಏ ಯಮನವ್ವಾ, ನಿಮ್ಮಪ್ಪ ನಂಗ ಇದನ್ನ... ಗಂಟು ಹಾಕಿದ್ದರ ಬೇಸಿತ್ತು. ನನ್ನ ಮಾತು ಮುಗಿಯೂಮಟ... ಸುಮ್ಮನ ಇರತೈತಿ."

"ನಾ ಇರಂಗಿಲ್ಲಂತಿಯೇನು?" ಎನ್ನುತ್ತಿದ್ದಳು ಹೆಂಡತಿ ಯಮನವ್ವ, ಒಲೆಯ ಮುಂದಿನಿಂದ ಏಳದೆ.

ಈ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದವಳು ಹುಸೇನಬಿ. ಮೊದಲು ಸೀರೆಯ ಮಗ್ಗಕ್ಕೆ ಹಾಸಿನ ನೂಲು ಸುತ್ತುತ್ತಿದ್ದಳು. ತಂದೆಯ ಪೆಟ್ಟಿಗೆ ಕೆಟ್ಟಾಗ ಆರೋಗ್ಯ ಕೇಂದ್ರದ ತರಬೇತಿಗೆ ಹೋಗಿ ಕುಲುಮೆ ಕಲಿತು ಬಂದಳು. ತಂದೆ ತೀರಿದ ಮೇಲೂ ಕೆಲಸ ಬಿಡಲಿಲ್ಲ. ಸುತ್ತಲಿನ ಆರು ಹಳ್ಳಿಗಳ ಎಂಬತ್ತು ಪೆಟ್ಟಿಗೆಗಳು ಅವಳ ಕೈಯಲ್ಲಿದ್ದವು.

ಮೂರು ಬೇಸಿಗೆಗಳ ಹಿಂದೆ ಅವಳು ಒಂದು ತಪ್ಪು ಹಿಡಿದಿದ್ದಳು. ಬಿಸಿಲು ನಲವತ್ತೆರಡು ದಾಟಿದ ದಿನ, ಗ್ರಾನೈಟಿನ ಸಣ್ಣ ಧೂಳು ಕೂತ ಪೆಟ್ಟಿಗೆಯೊಳಗಿನ ತೆಳು ತೊಗಲು ಬಿಗಿದುಕೊಳ್ಳುತ್ತಿತ್ತು. ಪೆಟ್ಟಿಗೆಗೆ ಉಸಿರು ಮರಳಿ ಬಂದದ್ದು ಗೊತ್ತಾಗುತ್ತಿರಲಿಲ್ಲ. ಕೊಳವೆ ಕಳಚಿದೆ ಎಂದುಕೊಂಡು ಗಂಟೆ ಬಾರಿಸಿ ನಿಂತುಬಿಡುತ್ತಿತ್ತು. ಮಂಡಳಿಯ ಕೋಣೆಗಳಲ್ಲಿ ಪರೀಕ್ಷೆ ಮಾಡುವವರಿಗೆ ನಲವತ್ತೆರಡು ಡಿಗ್ರಿಯೂ ಇರಲಿಲ್ಲ, ಗ್ರಾನೈಟೂ ಇರಲಿಲ್ಲ. ಹುಸೇನಬಿ ಎರಡು ದಿನ ಪ್ರೋಗ್ರಾಂ ಓದಿದಳು. ಏಳು ಸಾಲು ಬರೆದಳು. ಬಿಸಿ ಹೆಚ್ಚಿದ್ದರೆ ತಕ್ಷಣ ನಿಲ್ಲಬೇಡ, ಹನ್ನೆರಡು ಉಸಿರು ಕೊಡುತ್ತಾ ಹೋಗಿ ಮತ್ತೆ ನೋಡು. ಅಷ್ಟೇ. ಪೆಟ್ಟಿಗೆಯ ಮುಂದೆಯೇ ಕೂತು ಕುಲುಮೆಯಿಂದ ಹೊಸ ಪ್ರೋಗ್ರಾಂ ಮಾಡಿ ಹಾಕಿದಳು. ಎರಡು ಬೇಸಿಗೆ ಒಂದು ಪೆಟ್ಟಿಗೆಯೂ ನಿಲ್ಲಲಿಲ್ಲ.

ಆ ಏಳು ಸಾಲನ್ನು ಅವಳು ಮಂಡಳಿಗೂ ಕಳಿಸಿದ್ದಳು. ಎರಡು ಸಲ. ನಮೂನೆ ಇಂಗ್ಲಿಷಿನಲ್ಲಿ ತುಂಬಿಲ್ಲ ಎಂದು ಎರಡೂ ಸಲ ಹಿಂದಕ್ಕೆ ಬಂತು.

ಜನವರಿಯಲ್ಲಿ ಒಂಬತ್ತನೆಯ ಆವೃತ್ತಿ ತಂತಿಯಿಲ್ಲದೆ ಗಾಳಿಯಲ್ಲೇ ಪೆಟ್ಟಿಗೆಗಳಿಗೆ ಬಂದು ತಾನಾಗಿ ಕೂತಿತು. ಏಳು ಸಾಲು ಅಳಿಸಿಹೋದವು. ಮತ್ತೆ ಹಾಕೋಣವೆಂದರೆ ಕುಲುಮೆ ಇಲ್ಲ. ಹಳೆಯ ಎಂಟನೆಯ ಆವೃತ್ತಿಯ ಪ್ರತಿಗಳನ್ನೆಲ್ಲ ಮಂಡಳಿ ಡಿಸೆಂಬರಿನಲ್ಲೇ ಆಜ್ಞೆ ಹೊರಡಿಸಿ ವಾಪಸು ತರಿಸಿಕೊಂಡಿತ್ತು. ಹುಸೇನಬಿ ಈ ಸಲ ನಮೂನೆಯ ಗೋಜಿಗೆ ಹೋಗಲಿಲ್ಲ. ಮಹಾದೇವಿ ಮುದೇನೂರರಿಗೆ ಎಂದು ಹೆಸರು ಹಾಕಿಯೇ ಪತ್ರ ಬರೆದಳು. 'ಬಿಸಿಲು ಬೀಳುವುದರೊಳಗೆ ಕುಲುಮೆ ವಾಪಸು ಕೊಡಬೇಕು. ಇಲ್ಲಂದರೆ ಇಲ್ಲಿ ಮಂದಿ ಸಾಯ್ತಾರೆ.'

ಮಹಾದೇವಿ ಅದನ್ನು ಫೆಬ್ರವರಿಯ ಒಂದು ಬೆಳಿಗ್ಗೆ ಓದಿದಳು. ಮಾರ್ಚಿನ ಕೆಲಸ ಮುಗಿಯಲಿ, ನೋಡೋಣ ಎಂದು ಬದಿಗಿಟ್ಟಳು.

*

ಏಪ್ರಿಲ್ ಹನ್ನೊಂದು, ಮಂಗಳವಾರ. ಮಂಡಳಿಯ ನಿಯಂತ್ರಣ ಕೊಠಡಿಯ ಗೋಡೆಯ ನಕ್ಷೆಯಲ್ಲಿ ಇಳಕಲ್ಲಿನ ಕೆಳಗೆ ಒಂದು ಕೆಂಪು ಚುಕ್ಕೆ ಕಾಣಿಸಿಕೊಂಡಿತು. ಬೆಳಿಗ್ಗೆ ಹನ್ನೊಂದೂವರೆ. ಚುಕ್ಕೆ ನಾಲ್ಕಾಯಿತು, ಒಂಬತ್ತಾಯಿತು. ಆಮೇಲೆ ಫೋನು ಬಂತು. ಎತ್ತಿದವಳು ಮಹಾದೇವಿ.

"ಮೇಡಂ, ನಾ ಹಿರೇಕಲ್ಲೂರ ಹುಸೇನಬಿ. ಪೆಟ್ಟಿಗಿ ನಿಂತಾವ್ರಿ. ಒಂದರ ಹಿಂದ ಒಂದು ನಿಲ್ಲಾಕ ಹತ್ಯಾವು. ಚಾಲೂ ಮಾಡಿದ್ರ ಐದು ನಿಮಿಷಕ್ಕ ಮತ್ತ ನಿಲ್ತಾವು."

"ಕೊಳವಿ ನೋಡಿದ್ರೇನ್ರಿ?"

"ಕೊಳವಿ ಛಲೋ ಐತ್ರಿ! ನಾ ನಿಮಗ ಪತ್ರ ಬರದಿದ್ನೆಲ್ಲ? ಅದೇ ಇದು. ಏಳು ಸಾಲು ನನ್ನ ಕೈಯಾಗ ಅದಾವು ಮೇಡಂ. ಈಗ ಪೆಟ್ಟಿಗಿ ಮುಂದ ಕುಂತೀನಿ. ಕುಲುಮಿ ಎಲ್ಲಿಟ್ಟೀರಿ, ಅಷ್ಟ ಹೇಳ್ರಿ."

"ಅದನ್ನ ತೆಗದೀವಿ."

"ಯಾಕ ತೆಗದ್ರಿ?"

ಮಹಾದೇವಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಫೋನಿನ ಆ ಕಡೆ ಹೆಂಗಸೊಬ್ಬಳು ಎಣಿಸುವುದು ಕೇಳುತ್ತಿತ್ತು. ಒಂದು, ಎರಡು, ಒತ್ತು. ಒಂದು, ಎರಡು, ಒತ್ತು.

"ಅದೇನ್ರಿ ಸಪ್ಪಳ?"

"ದುರಗಪ್ಪಗ ಕೈಲೆ ಗಾಳಿ ಹಾಕಾಕ ಹತ್ತೀವ್ರಿ. ಚೀಲ ಒತ್ತಾಕಿ ಅವನ ಹೇಣ್ತಿ. ಕೈ ಒತ್ತಿದ್ದು ಅವನ ಎದಿಗೆ ಸಾಲೂದಿಲ್ಲ ಮೇಡಂ. ಕಲ್ಲಾಗೇತಿ ಅದು. ಲಗೂ ಏನರೆ ಮಾಡ್ರಿ."

ಏಳು ಸಾಲನ್ನು ಓದಿ ಹೇಳು ಎಂದಳು ಮಹಾದೇವಿ. ಹುಸೇನಬಿ ಓದಿದಳು, ಇವಳು ಬರೆದುಕೊಂಡಳು. ಮಂಡಳಿಯ ಯಂತ್ರದಲ್ಲಿ ಕುಲುಮೆ ಇನ್ನೂ ಇತ್ತು. ನಾಲ್ಕು ನಿಮಿಷದಲ್ಲಿ ಪ್ರೋಗ್ರಾಂ ತಯಾರಾಯಿತು. ಮೂಲೆಯಲ್ಲಿ ಪರೀಕ್ಷೆಗೆಂದೇ ಬೀಗ ತೆಗೆದಿಟ್ಟಿದ್ದ ಮಾದರಿ ಪೆಟ್ಟಿಗೆಗೆ ಹಾಕಿ, ಅದರ ಬೆನ್ನಿಗೆ ಹೀಟರ್ ಹಿಡಿದು ನೋಡಿದಳು. ನಿಲ್ಲಲಿಲ್ಲ. ಹುಸೇನಬಿಯ ಬರಹದಲ್ಲಿ ಒಂದು ಅಕ್ಷರವನ್ನೂ ಬದಲಿಸುವುದಿರಲಿಲ್ಲ.

ಅದನ್ನು ಹಿರೇಕಲ್ಲೂರಿನ ಪೆಟ್ಟಿಗೆಗಳು ಒಪ್ಪುವಂತೆ ಕಳಿಸಲು ಮಂಡಳಿಯ ಎರಡು ಕೀಲಿ, ಅಂದರೆ ಎರಡು ಗುಪ್ತ ಸಂಖ್ಯೆ ಬೇಕು. ಒಂದು ಮಹಾದೇವಿಯದು, ಇನ್ನೊಂದು ಕಟ್ಟಿಯದು. ಕಟ್ಟಿ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಯಾವುದೋ ಸಮ್ಮೇಳನದಲ್ಲಿದ್ದ. ಮೂರನೆಯ ಸಲಕ್ಕೆ ಫೋನು ಎತ್ತಿದ.

"ಏಳು ದಿನದ ಪರೀಕ್ಷೆ ಇಲ್ಲದ ಯಾವುದನ್ನೂ ಬಿಡೂ ಹಂಗಿಲ್ಲ ಮೇಡಂ. ನಿಮಗ ಗೊತ್ತಿದ್ದದ್ದ."

"ಸರ್, ಏಳು ನಿಮಿಷ ಇಲ್ಲ ಅವರ ಹಂತ್ಯಾಕ. ಮೂರು ಮಂದಿ ಅದಾರ. ನಾ ಪರೀಕ್ಷೆ ಮಾಡೀನಿ, ನಡೀತೈತಿ."

"ನಾಳೆ ಅದರಿಂದ ಬೇರೆ ಏನರೆ ಆದ್ರ?"

"ಇವತ್ತು ಆಗಾಕ ಹತ್ತೇತಲ್ರೀ!"

ಕಟ್ಟಿ ದನಿ ತಗ್ಗಿಸಿದ. ಪಕ್ಕದಲ್ಲಿ ಯಾರೋ ಇದ್ದಿರಬೇಕು. "ನೋಡ್ರಿ ಮೇಡಂ. ಇವತ್ತು ಏನಾದ್ರೂ ಅದು ಯಂತ್ರದ ದೋಷ. ನಾವು ಇದನ್ನ ಬಿಟ್ಟ ಮೇಲೆ ಆದ್ರ ಅದು ನಮ್ಮ ಸಹಿ. ವ್ಯತ್ಯಾಸ ತಿಳ್ಕೋರಿ." ಫೋನು ಇಟ್ಟ.

ಮಹಾದೇವಿ ಸೆರಾವೊನ ಕೋಣೆಗೆ ಓಡಿದಳು. ಸೆರಾವೊ ಎದ್ದು ನಿಂತ. "ನನ್ನಲ್ಲಿ ಕೀಲಿ ಇಲ್ಲ," ಎಂದ. "ನಿಜವಾಗಿಯೂ ಇಲ್ಲ." ಅವಳು ಅವನನ್ನು ಬಿಟ್ಟು ನೆಲಮಾಳಿಗೆಗೆ ಇಳಿದಳು. ವಾಪಸು ತರಿಸಿಕೊಂಡ ಎಂಟನೆಯ ಆವೃತ್ತಿಯ ಪ್ರತಿಗಳು ಅಲ್ಲಿ ಗೋಣಿಚೀಲಗಳಲ್ಲಿ ಬಿದ್ದಿದ್ದವು, ಹುಣಸೆಬೀಜದಷ್ಟು ಚಿಕ್ಕವು. ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡಳು. ಅದು ಕಳವು ಎಂದು ಅವಳಿಗೆ ಗೊತ್ತಿತ್ತು. ರಸ್ತೆಗೆ ಬಂದು ಸಿಕ್ಕ ಬಾಡಿಗೆ ಕಾರು ಹತ್ತಿದಳು. ಹುಸೇನಬಿಗೆ ಫೋನು ಮಾಡಿ, "ಬರಾಕ ಹತ್ತೀನಿ, ಚೀಲ ನಿಲ್ಲಿಸಬ್ಯಾಡ್ರಿ," ಎಂದಳು.

ನಾಲ್ಕು ತಾಸಿನ ದಾರಿ.

*

ಓಣಿಯವರು ಚೀಲ ನಿಲ್ಲಿಸಲಿಲ್ಲ. ರಬ್ಬರಿನ ಆ ಚೀಲಗಳು ಮೂರಿದ್ದವು, ಮೂವರು ರೋಗಿಗಳಿಗೆ ಮೂರು. ಯಮನವ್ವ ಒಂದು ತಾಸು ಒತ್ತಿದಳು. ಹೆಬ್ಬೆರಳ ಬುಡ ಬಾತುಕೊಂಡಿತು. ಪಕ್ಕದ ಮನೆಯ ಸಕ್ರವ್ವ ಕೂತಳು, ಅವಳ ನಂತರ ಕ್ವಾರಿಯಿಂದ ಓಡಿ ಬಂದ ದುರಗಪ್ಪನ ಷಡ್ಡಕ. ಹುಸೇನಬಿ ಎದೆಯ ಮೇಲೆ ಕಿವಿಯಿಟ್ಟು, "ಇನ್ನಷ್ಟು ಜೋರು, ಇನ್ನಷ್ಟು," ಎನ್ನುತ್ತಿದ್ದಳು. ಜೋರು ಒತ್ತಿದರೆ ಗಾಳಿ ಬಾಯಿಯ ಬದಿಯಿಂದ ಸೋರುತ್ತಿತ್ತು. ಹೊರಗೆ ನಲವತ್ಮೂರು ಡಿಗ್ರಿ. ಬಾಗಿಲಲ್ಲಿ ನಿಂತಿದ್ದವರು ಗಾಳಿಗೆ ಅಡ್ಡವಾಗುತ್ತಾರೆಂದು ಯಮನವ್ವ ಅವರನ್ನು ಬೈದು ಓಡಿಸಿದಳು.

ಆಂಬುಲೆನ್ಸು ಬಂತು. ಅದರೊಳಗೂ ಅದೇ ಪೆಟ್ಟಿಗೆ, ಅದೇ ಒಂಬತ್ತನೆಯ ಆವೃತ್ತಿ. ಹತ್ತು ನಿಮಿಷ ನಡೆದು ಅದೂ ನಿಂತಿತು.

ದುರಗಪ್ಪನಿಗೆ ಎಚ್ಚರವಿತ್ತು. ಮಾತಾಡಲು ಉಸಿರಿರಲಿಲ್ಲ. ಹೆಂಡತಿಯ ಬಾತ ಕೈಯನ್ನು ನೋಡಿ ಒಮ್ಮೆ ತಲೆಯಾಡಿಸಿದ, ಸಾಕು ಎನ್ನುವಂತೆ.

"ಸಾಕಂತ ಸಾಕು! ನಿಂದೇನ ಕೇಳೂದು?" ಎಂದು ಯಮನವ್ವ ಷಡ್ಡಕನ ಕೈಯಿಂದ ಚೀಲ ಕಿತ್ತುಕೊಂಡು ಮತ್ತೆ ಒತ್ತತೊಡಗಿದಳು.

ಎರಡೂ ಮುಕ್ಕಾಲಿಗೆ ಹುಸೇನಬಿ ಎದೆಯಿಂದ ಕಿವಿ ತೆಗೆದಳು. ಯಮನವ್ವ ಇನ್ನೂ ಹತ್ತು ನಿಮಿಷ ಒತ್ತಿದಳು. ಯಾರೂ ತಡೆಯಲಿಲ್ಲ.

ಮಹಾದೇವಿ ಬಂದಾಗ ನಾಲ್ಕೂಕಾಲು. ಓಣಿಯ ಬಾಯಲ್ಲೇ ಅಳು ಕೇಳಿಸಿತು. ಹುಸೇನಬಿ ಅವಳನ್ನು ಕುಳಿತುಕೊಳ್ಳಲು ಹೇಳಲಿಲ್ಲ, ನೀರು ಕೊಡಲಿಲ್ಲ. ಕೈ ಚಾಚಿದಳು. ಮಹಾದೇವಿ ಸೆರಗು ಬಿಚ್ಚಿ ಪ್ರತಿಗಳನ್ನು ಕೊಟ್ಟಳು. ಇಬ್ಬರೂ ಮನೆ ಮನೆಗೆ ಹೋಗಿ ಹಳೆಯ ಆವೃತ್ತಿ ಹಾಕಿದರು, ಕುಲುಮೆಯಿಂದ ಏಳು ಸಾಲು ಸೇರಿಸಿದರು. ಮೊದಲು ಉಳಿದಿದ್ದ ಇಬ್ಬರದು, ಆಮೇಲೆ ಎಂಟು ಮನೆಗಳದ್ದು. ಪಾಲಿಶ್ ಕೆಲಸ ಮಾಡುತ್ತಿದ್ದ ಇಪ್ಪತ್ತಾರು ವರ್ಷದ ಹನಮವ್ವನ ಪೆಟ್ಟಿಗೆ ಮತ್ತೆ ಉಸಿರಾಡತೊಡಗಿದಾಗ ಅವಳ ತಾಯಿ ಮಹಾದೇವಿಯ ಕಾಲಿಗೆ ಬೀಳಲು ಬಾಗಿದಳು.

"ಏ, ಏಳ ಮ್ಯಾಲೆ," ಎಂದು ಹುಸೇನಬಿ ಗದರಿದಳು. "ಬಂದ್ ಮಾಡಿದಾಕೀ ಕಾಲಿಗೆ ಬೀಳತಿಯೇನು?"

ಹೊರಡುವ ಮುಂಚೆ ಮಹಾದೇವಿ ದುರಗಪ್ಪನ ಮನೆಯ ಹೊಸ್ತಿಲಿಗೆ ಹೋದಳು. ಯಮನವ್ವ ಹೆಣದ ಪಕ್ಕದಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ ಬಾತು ಬಿದ್ದಿದ್ದವು. ಮಹಾದೇವಿ ಬಾಯಿ ತೆರೆಯುವಷ್ಟರಲ್ಲಿ ಅವಳೆಂದಳು, "ನೀ ಯಾರು ಅಂತ ನಂಗ ಗೊತ್ತು. ಒಳಗ ಬರಬ್ಯಾಡ."

*

ಮರುದಿನ ಮಧ್ಯಾಹ್ನ ಮನೆಯಲ್ಲಿ ಮಹಾದೇವಿಯ ಗಂಡ ಗುರುನಾಥ ಪತ್ರಿಕೆಯನ್ನು ಅವಳ ಮುಂದಿಟ್ಟ. ಅವನು ಶಾಲೆಯ ಚಿತ್ರಕಲೆ ಮಾಸ್ತರ, ಜಗಳದ ಮನುಷ್ಯನಲ್ಲ. ಮಂಡಳಿಯ ಪ್ರಕಟಣೆ ಮೂರನೆಯ ಪುಟದಲ್ಲಿತ್ತು. 'ಅರ್ಹತೆಯಿಲ್ಲದ ಸ್ಥಳೀಯ ಮಹಿಳೆಯೊಬ್ಬರು ಉಸಿರುಪೆಟ್ಟಿಗೆಗಳ ತಂತ್ರಾಂಶದಲ್ಲಿ ಕೈಯಾಡಿಸಿದ್ದರಿಂದ ದುರ್ಘಟನೆ ಸಂಭವಿಸಿದ್ದು, ಅವರ ವಿರುದ್ಧ ಪೊಲೀಸರಿಗೆ ದೂರು ನೀಡಲಾಗಿದೆ.' ಅದರ ಜೊತೆ ಮಹಾದೇವಿಯನ್ನು ಅಮಾನತು ಮಾಡಿದ ಪತ್ರವೂ ಬಂದಿತ್ತು.

ಅವಳು ಪ್ರಕಟಣೆಯನ್ನು ಎರಡು ಸಲ ಓದಿದಳು.

"ಕಟ್ಟಿ ಫೋನ್ ಮಾಡಿದ್ದ," ಎಂದ ಗುರುನಾಥ. "ನೀ ಸುಮ್ಮನಿದ್ರ ಅಮಾನತು ಒಂದು ತಿಂಗಳದಾಗ ತೆಗೀತಾರಂತ."

"ಆಕೀನ್ನ ಜೇಲಿಗೆ ಹಾಕಿ ನನ್ನ ವಾಪಸು ತಗೋತಾರಂತೇನು?"

"ನಾ ಸುಮ್ಮನಿರು ಅಂತ ಹೇಳಲಿಲ್ಲ, ಅವ ಹೇಳಿದ್ದು ಹೇಳಿದೆ."

"ಹೊಲಸು! ಎಂಥಾ ಹೊಲಸು ಮಂದಿ ನಾವು!" ಅವಳು ಪತ್ರಿಕೆಯನ್ನು ಹಿಸುಕಿ ಗೋಡೆಗೆಸೆದಳು. "ಏಳು ಸಾಲು ಬರದಳು ಆಕಿ. ನಮ್ಮ ಕಟ್ಟಡದಾಗ ಒಬ್ಬರಿಗೂ ಹೊಳೀಲಿಲ್ಲ. ಎರಡು ಸಲ ಕಳಿಸಿದಳು, ಇಂಗ್ಲಿಷಿನಾಗ ಇಲ್ಲ ಅಂತ ತಿರುಗಿ ಕಳಿಸಿದಿವಿ. ನನಗ ಪತ್ರ ಬರದಳು, ನಾ ಓದಿ ಬಾಜೂಕ ಇಟ್ಟೆ. ಈಗ ಆಕಿಗೆ ಅರ್ಹತೆ ಇಲ್ಲಂತ!"

ಗುರುನಾಥ ಹಿಸುಕಿದ ಹಾಳೆಯನ್ನು ಎತ್ತಿ ಬಿಡಿಸಿ ಮಡಚಿ ಅವಳ ಚೀಲದಲ್ಲಿಟ್ಟ. "ಬೇಕಾಗತೈತಿ," ಎಂದ. "ನಡಿ, ನಾನೂ ಬರತೀನಿ."

ಹಿರೇಕಲ್ಲೂರಿನ ಠಾಣೆಯಲ್ಲಿ ಹುಸೇನಬಿಯನ್ನು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂರಿಸಿದ್ದರು. ಓಣಿಯ ಅರ್ಧ ಜನ ಹೊರಗೆ ಬೇವಿನ ಮರದ ಕೆಳಗಿದ್ದರು. ಯಮನವ್ವ ಒಳಗಿದ್ದಳು. ಗಂಡನನ್ನು ಮಣ್ಣು ಮಾಡಿ ನೇರ ಅಲ್ಲಿಗೇ ಬಂದಿದ್ದಳು.

ಸಬ್ ಇನ್ಸ್‌ಪೆಕ್ಟರ್ ಮಹಾದೇವಿಯ ಕಾಗದಗಳನ್ನು ಒಂದೊಂದಾಗಿ ನೋಡಿದ. ಸಭೆಯ ನಡಾವಳಿ, ಮೂರು ಸಹಿ, ಹಿಂದಕ್ಕೆ ಕಳಿಸಿದ ಎರಡು ಅರ್ಜಿ, ಹುಸೇನಬಿಯ ಪತ್ರ. ತಲೆ ಕೆರೆದುಕೊಂಡ.

"ಮೇಡಂ, ಒಂದು ಪಟ್ಟಿಯೊಳಗಿಂದ ಒಂದು ಹೆಸರು ತೆಗೆದ್ರ ಮನಷ್ಯಾ ಹೆಂಗ ಸಾಯ್ತಾನ್ರಿ? ಇದನ್ನ ನಾ ಏನಂತ ಬರಕೊಳ್ಳಲಿ?"

ಮಹಾದೇವಿ ಕಂಪೈಲರ್ ಎಂದರೇನೆಂದು ಹೇಳತೊಡಗಿದಳು. ಅವನ ಕಣ್ಣು ಮಂಕಾಯಿತು. ಯಮನವ್ವ ಎದ್ದು ಬಂದು ಮೇಜಿನ ಮೇಲೆ ಎರಡೂ ಕೈ ಇಟ್ಟಳು. ಅವು ಇನ್ನೂ ಇಳಿದಿರಲಿಲ್ಲ.

"ನಾ ಹೇಳತೀನಿ, ಬರಕೊ. ನಮ್ಮ ಮನಿಗೆ ಒಂದು ಪೆಟ್ಟಿಗಿ ಕೊಟ್ಟರು. ಅದು ಕೆಟ್ಟರ ನೆಟ್ಟಗ ಮಾಡೂ ಹತಾರನೂ ಅದರಾಗ ಇಟ್ಟಿದ್ರು. ಈ ಹುಸೇನಬಿಗೆ ಆ ಹತಾರ ಹಿಡಿಯಾಕ ಬರತಿತ್ತು. ಧಾರವಾಡದಾಗ ಮೂರು ಮಂದಿ ಕುಂತು, ಇವರಿಗ್ಯಾಕ ಬೇಕು ಹತಾರ ಅಂತ ತಕ್ಕೊಂಡು ಹೋದ್ರು. ನಮ್ಮನ್ನ ಕೇಳಲಿಲ್ಲ. ಪೆಟ್ಟಿಗಿ ಕೆಟ್ಟಿತು. ಹತಾರ ಕೊಡ್ರೆಪಾ ಅಂದ್ರ ಕೊಡಲಿಲ್ಲ. ನನ್ನ ಗಂಡ ಸತ್ತ. ತಿಳೀತೇನು? ಇಷ್ಟ ಬರಿ."

ಅವನು ಬರೆದುಕೊಂಡ. ಮಂಡಳಿಯ ದೂರು ಇರುವಾಗ ಇದನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಮೇಲಿನವರಿಗೆ ಫೋನು ಮಾಡಲು ಹೊರಟ. ಹೊರಗಿನ ಜನ ಬಾಗಿಲಿಗೆ ಬಂದು ನಿಂತರು. ಅವನು ಫೋನು ಕೆಳಗಿಟ್ಟ.

"ಆರೋಪಿಗಳ ಹೆಸರು?"

"ಮಹಾದೇವಿ ಮುದೇನೂರ," ಎಂದಳು ಮಹಾದೇವಿ. "ಆಮೇಲೆ ಅನಿರುದ್ಧ ಕಟ್ಟಿ. ನಾರ್ಬರ್ಟ್ ಸೆರಾವೊ."

ಇನ್ಸ್‌ಪೆಕ್ಟರ್ ಯಮನವ್ವನ ಕಡೆ ನೋಡಿದ. "ಕಾಗದ ತಂದುಕೊಟ್ಟವರು ಇವರ ಅದಾರಲ್ಲವಾ. ಸಾಕ್ಷಿ ಮಾಡಿಕೊಂಡ್ರ ಆಗತೈತಿ."

"ಖರೆ ಹೇಳಿದಳಂತ ಮಾಡಿದ್ದು ಹೋಗತೈತೇನು? ಬರಿ ಆಕೀ ಹೆಸರು," ಎಂದಳು ಯಮನವ್ವ.

ಹುಸೇನಬಿಯನ್ನು ಸಂಜೆ ಬಿಟ್ಟರು. ಅವಳ ಮೇಲಿನ ದೂರನ್ನು ಮಂಡಳಿ ಎರಡು ವಾರದ ಮೇಲೆ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಿತು. ಜೂನಿನಲ್ಲಿ ಕುಲುಮೆ ತಳಹದಿಗೆ ಮರಳಿತು. 'ಬಳಕೆದಾರರ ಅನುಕೂಲಕ್ಕಾಗಿ' ಎಂದು ಪ್ರಕಟಣೆಯಲ್ಲಿತ್ತು, ಸತ್ತವನ ಹೆಸರಿರಲಿಲ್ಲ. ಸೆರಾವೊ ರಾಜೀನಾಮೆ ಕೊಟ್ಟು, ನಡೆದದ್ದನ್ನೆಲ್ಲ ಬರೆದು ನ್ಯಾಯಾಲಯಕ್ಕೆ ಸಲ್ಲಿಸಿದ. ಕಟ್ಟಿಗೆ ಬಡ್ತಿಯಾಗಿ ಬೆಂಗಳೂರಿಗೆ ವರ್ಗವಾಯಿತು. ಮಹಾದೇವಿಗೆ ಕೆಲಸ ಹೋಯಿತು. ಅವಳು ಮನೆಯಲ್ಲಿ ಕೂತು ಕುಲುಮೆಯನ್ನು ಸರಿಮಾಡುತ್ತಿದ್ದಳು. ಹುಸೇನಬಿ ತಪ್ಪು ಹಿಡಿದು ಬರೆದು ಕಳಿಸುತ್ತಿದ್ದಳು, ಒಂದು ಕುಶಲದ ಮಾತೂ ಇಲ್ಲದೆ.

ಮೊಕದ್ದಮೆ ಒಂದೂವರೆ ವರ್ಷ ಎಳೆಯಿತು. ಪ್ರತಿ ತಾರೀಕಿಗೂ ಯಮನವ್ವ ಬಸ್ಸು ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮಹಾದೇವಿಯೊಡನೆ ಮಾತಾಡುತ್ತಿರಲಿಲ್ಲ. ಒಂಬತ್ತನೆಯ ತಾರೀಕಿನಂದು ಕಟ್ಟಿಯ ವಕೀಲ ಎದ್ದು, ಕಂಪೈಲರ್ ತೆಗೆಯುವುದು ತಾಂತ್ರಿಕ ತೀರ್ಮಾನ, ಪರಿಣತರ ವರದಿ ತರಿಸಬೇಕಿದೆ, ಇನ್ನೂ ಮೂರು ತಿಂಗಳ ಮುದ್ದತು ಬೇಕು ಎಂದು ಕೇಳಿದ.

"ಮುದ್ದತಾ?" ಎಂಬ ದನಿ ಹಿಂದಿನಿಂದ ಬಂತು. ಯಮನವ್ವ ಎದ್ದು ನಿಂತಿದ್ದಳು. ನ್ಯಾಯಾಲಯದ ಬೇಲೀಫ ಅವಳನ್ನು ಕೂರಿಸಲು ಹೋದ. ಅವಳು ಅವನ ಕೈ ಕೊಡವಿದಳು. "ಮೂರು ತಾಸು ಚೀಲ ಒತ್ತಿದ್ವಿ ನಾವು. ಆ ಮೂರು ತಾಸಿನಾಗ ಈ ಸಾಹೇಬ ಒಂದು ಕೀಲಿ ಕೊಡಲಿಲ್ಲ. ಆವತ್ತು ನನ್ನ ಗಂಡಗ ಯಾರು ಕೊಟ್ರೀ ಮುದ್ದತ?"

ಕಟ್ಟಿ ಮೊದಲ ಸಾಲಿನಲ್ಲಿ ಮೊಬೈಲು ನೋಡುತ್ತಿದ್ದ. ತಲೆ ಎತ್ತಲಿಲ್ಲ.

ನ್ಯಾಯಾಧೀಶೆ ಪೆನ್ನನ್ನು ಕೆಳಗಿಟ್ಟರು. ಆಮೇಲೆ ವಕೀಲನ ಅರ್ಜಿಯನ್ನು ಬದಿಗೆ ಸರಿಸಿ, "ಮುದ್ದತಿಲ್ಲ. ಸಾಕ್ಷಿ ಈಗಲೇ ಶುರುವಾಗಲಿ," ಎಂದರು. "ಅವರನ್ನು ಮುಂದೆ ಕರೆಯಿರಿ."

ಯಮನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚುಗಳ ನಡುವಿನಿಂದ ಕಟಕಟೆಯ ಕಡೆಗೆ ನಡೆದಳು.